ನಿಮ್ಮ ನೀಲಿ ಅಂಗಿ

ರೀ,

ನೀವು ತೀರಿಕೊಂಡ ಮೇಲೆ ತಲೆಭಾರ ಹೆಚ್ಚಾಗಿ ಶಿರಾಳಕೊಪ್ಪದ ಡಾಕ್ಟರಿಗೆ ತೋರಿಸಿದೆ. "ಮಾತ್ರೆ ಬ್ಯಾಡ್ರಿ, ಮನಸ್ಸು ಹಗುರಾಗೋ ಕೆಲಸ ಏನಾರ ಮಾಡ್ರಿ" ಅಂದರು.

ನಾನು ಆಫೀಸಿನಿಂದ ಸುಸ್ತಾಗಿ ಬಂದಾಗಲೆಲ್ಲ "ಬಾರೇ, ಹಾಲು ಕರಿ, ತಲೆಭಾರ ಇಳೀತದೆ" ಎಂದು ಕೊಟ್ಟಿಗೆಯಿಂದ ಕೂಗುತ್ತಿದ್ದಿರಿ. ಒಮ್ಮೆಯೂ ಬಂದಿರಲಿಲ್ಲ. ಇವತ್ತು ಬಂದೆ.

ನಮ್ಮ ಹಸು ಕೌಲಿ ಹೊಸ ಕೈಗೆ ಹಾಲು ಇಳಿಸಲಿಲ್ಲ, ಒದೆಯಿತು. "ಅವನ ಅಂಗಿ ಹಾಕ್ಕಂಡು ಕೂರೇ. ನಾನೂ ಹಂಗೇ ಕರಿಯೋದು" ಅಂದರು ಅತ್ತೆ. ನಿಮ್ಮ ನೀಲಿ ಅಂಗಿ ತೊಟ್ಟು ಕೂತೆ. ಕೌಲಿ ತೋಳನ್ನು ಮೂಸಿತು, ನೆಕ್ಕಿತು, ಹಾಲು ಇಳಿಸಿತು. ನೀವು ಹೇಳಿದ್ದು ನಿಜ, ತಲೆಭಾರ ಇಳಿಯಿತು.

ಎಂಜಲಾದ ಅಂಗಿಯನ್ನು ಒಗೆಯಲು ಹೊರಟರೆ ಅತ್ತೆ ಕಿತ್ತುಕೊಂಡರು. "ವಾಸನೆ ಹೋದ್ರೆ ಕೌಲಿ ಹಾಲು ಕೊಡಲ್ಲ" ಎಂದು ಒಂದು ತೋಳಿಗೆ ಮುಖ ಒತ್ತಿಕೊಂಡರು. ಇನ್ನೊಂದು ತೋಳಿಗೆ ನಾನು.