ನಾಲ್ಕನೇ ನಿಮಿಷಕ್ಕೆ ಹೊಡೆದ ಗಂಟೆಯ ಕುರಿತು

ನಾಳೆಯನ್ನು ಇಂದೇ ಗುರುತಿಸುವ ದಿವ್ಯದೃಷ್ಟಿಯುಳ್ಳವರೂ, ಬರಿಗೈಯಲ್ಲಿ ಬಂದವರನ್ನು ಹೂಡಿಕೆದಾರರ ಮಡಿಲಿಗೆ ಹಾಕುವ ಕರುಣಾಳುಗಳೂ, ಹನ್ನೊಂದನೇ ಮಹಡಿಯ ಅತಿ ಎತ್ತರದ ತಿರುಗುವ ಕುರ್ಚಿಯ ಒಡೆಯರೂ, ಐದೇ ನಿಮಿಷದಲ್ಲಿ ಮನುಷ್ಯನ ಹತ್ತು ವರ್ಷ ತೂಗಿ ನೋಡುವ ತಕ್ಕಡಿ ಹಿಡಿದವರೂ ಆದ ನವೋದ್ಯಮ ಆಯ್ಕೆ ಮಂಡಳಿಯ ಅಧ್ಯಕ್ಷರ ಸನ್ನಿಧಾನಕ್ಕೆ, ಅಂದು ಬಕೆಟ್ ಹೊತ್ತು ಬಂದಿದ್ದವನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಕಳೆದ ಮಂಗಳವಾರ ನನ್ನ ಅಕ್ಕ ತಯಾರಿಸಿದ ಉಪಕರಣವೊಂದು ತಮ್ಮ ಸಮ್ಮುಖದಲ್ಲಿ, ಮಾಡಬೇಕಾದ ಕೆಲಸವನ್ನು, ಮಾಡಬೇಕಾದ ಕ್ಷಣದಲ್ಲಿ, ಚಾಚೂ ತಪ್ಪದೆ ಮಾಡಿತು. ಅದೇ ಕಾರಣಕ್ಕೆ ತಾವು ಅದನ್ನು ತಿರಸ್ಕರಿಸಿದ್ದೀರಿ. ಗುರುವಾರ ಕೈಸೇರಿದ ತಮ್ಮ ಪತ್ರದಲ್ಲಿ ಎರಡೇ ಸಾಲು: "ಪ್ರಾತ್ಯಕ್ಷಿಕೆ ನಡೆದಿರುವುದಿಲ್ಲ. ಅರ್ಜಿದಾರರು ಒಂದು ವರ್ಷದ ನಂತರ ಮರಳಿ ಪ್ರಯತ್ನಿಸಬಹುದು." ನಡೆದಿರುವುದಿಲ್ಲವಂತೆ. ಹಾಗಾದರೆ ತಮ್ಮ ಕಾರ್ಯದರ್ಶಿಯವರ ಪ್ಯಾಂಟಿನ ಮೇಲೆ ಚೆಲ್ಲಿದ ನೀರು ಆಕಾಶದಿಂದ ಉದುರಿತೇ?

ಅಕ್ಕ ನರ್ಸು. ಅವಳ ವಾರ್ಡಿನಲ್ಲಿ ಮೂವತ್ತು ಹಾಸಿಗೆಗಳು, ಎರಡು ಕಾಲುಗಳು. ಕಾಲುಗಳೆಂದರೆ ಅಕ್ಕನವೇ, ಜೊತೆಯವಳು ರಜೆ ಹಾಕಿದ ದಿನದ ಲೆಕ್ಕ ಇದು. ಡ್ರಿಪ್ ಬಾಟಲಿ ಖಾಲಿಯಾಗುವ ಹೊತ್ತಿಗೆ ಅವಳು ಆ ಹಾಸಿಗೆಯ ಬಳಿ ಇರಬೇಕು. ಇಲ್ಲದಿದ್ದರೆ ಕೊಳವೆಯಲ್ಲಿ ರಕ್ತ ಹಿಂದಕ್ಕೆ ಏರುತ್ತದೆ. ಆದ್ದರಿಂದ ಪ್ರತಿ ಹಾಸಿಗೆಯ ಪಕ್ಕದಲ್ಲೂ ಮನೆಯವರೊಬ್ಬರು ಕತ್ತು ಮೇಲೆತ್ತಿ ಬಾಟಲಿ ಕಾಯುತ್ತಾರೆ. ಹೀಗೆ ಹೆಂಡತಿಯ ಬಾಟಲಿ ಕಾಯುತ್ತಿದ್ದ ಒಬ್ಬ ಬಡಗಿ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಕುಳಿತಲ್ಲೇ ತೂಕಡಿಸಿದ. ಎಚ್ಚರವಾದಾಗ ಕೊಳವೆ ಕೆಂಪಾಗಿತ್ತು. ಅಕ್ಕ ಓಡಿ ಬಂದು ಸರಿಮಾಡಿದಳು, ಹೆಂಗಸಿಗೆ ಏನೂ ಆಗಲಿಲ್ಲ. ಆದರೆ ಆ ಮನುಷ್ಯ ಅಕ್ಕನ ಕೈ ಹಿಡಿದುಕೊಂಡು, "ಸಿಸ್ಟರ್, ನಾನು ಮಲಗಿದ್ದು ಅವಳಿಗೆ ಹೇಳಬೇಡಿ" ಅಂದನಂತೆ. ಅಂದು ಮನೆಗೆ ಬಂದ ಅಕ್ಕ ಊಟಕ್ಕೂ ಕೂರದೆ ಅಟ್ಟ ಹತ್ತಿದಳು.

ಅಟ್ಟದಿಂದ ಇಳಿದದ್ದು ತೂಕ ನೋಡುವ ಹಳೆಯ ಸ್ಪ್ರಿಂಗು ಮತ್ತು ನನ್ನ ಬಾಲ್ಯದ ಸೈಕಲ್ಲಿನ ಬೆಲ್ಲು. ಬಾಟಲಿಯನ್ನು ಸ್ಪ್ರಿಂಗಿಗೆ ತೂಗುಹಾಕಬೇಕು. ನೀರು ಇಳಿದಂತೆ ತೂಕ ಇಳಿಯುತ್ತದೆ, ಸ್ಪ್ರಿಂಗು ಮೇಲಕ್ಕೆ ಸರಿಯುತ್ತದೆ, ಎರಡು ಬೆರಳು ನೀರು ಉಳಿದಾಗ ಒಂದು ಕೊಂಡಿ ಕಳಚಿ ಬೆಲ್ಲು ಹೊಡೆಯುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ. ಏಳು ತಿಂಗಳು ನಮ್ಮ ಅಡುಗೆಮನೆಯಲ್ಲಿ ಬಾಟಲಿಗಳು ನೇತಾಡಿದವು. ಅಮ್ಮ ಒಗ್ಗರಣೆ ಹಾಕುವಾಗಲೆಲ್ಲ ಬೆಲ್ಲು ಹೊಡೆದು, ಯಾರೋ ಬಂದರೆಂದು ಆಕೆ ನೂರು ಸಲ ಬಾಗಿಲು ತೆರೆದಿದ್ದಾಳೆ. (ನೂರರಲ್ಲಿ ಮೂವತ್ತು ಸಲ ಬೆಲ್ಲು ಹೊಡೆದದ್ದು ನಾನು. ಅದು ಬೇರೆ ವಿಷಯ.) ಆಸ್ಪತ್ರೆಯವರು ಮೆಚ್ಚಿದರು. ಆದರೆ ನೆಂಟರ ಮನೆಯಲ್ಲಿ ಹೆಣ್ಣು ನೋಡಿದವರ ಹಾಗೆ, "ನಮಗೇನೋ ಒಪ್ಪಿಗೆಯೇ, ಮಂಡಳಿಯವರೂ ಒಪ್ಪಿದ್ದಾರೆ ಅಂತ ಒಂದು ಕಾಗದ ತಂದುಬಿಡಿ, ಎಲ್ಲ ವಾರ್ಡಿಗೂ ಹಾಕಿಸೋಣ" ಎಂದರು. ಅವರ ಈ ಸಾಲಿನ ಖರೀದಿ ಪಟ್ಟಿ ತಿಂಗಳ ಕೊನೆಗೆ ಮುಚ್ಚುತ್ತದೆ. ತಮ್ಮ ಒಂದು ವರ್ಷ ಎಂದರೆ ಏನೆಂದು ಈಗ ಅರ್ಥವಾಗಿರಬೇಕು. ಇನ್ನೊಂದು ವರ್ಷ ಮೂವತ್ತು ಜನ ಕತ್ತು ಮೇಲೆತ್ತಿ ಕೂರುತ್ತಾರೆ.

ಇನ್ನು ಆ ಮಂಗಳವಾರ. ತಮ್ಮ ಭವನದ ನೆಲಮಹಡಿಯ ಸ್ವಾಗತ ಮೇಜಿನ ಮುಂದೆ ನಾವು ಇಪ್ಪತ್ತು ನಿಮಿಷ ನಿಂತೆವು. ಮೇಜಿನ ಮೇಲೆ ಹಿತ್ತಾಳೆಯ ಚಂದದ ಗಂಟೆ, ಪಕ್ಕದಲ್ಲಿ "ಸಹಾಯಕ್ಕಾಗಿ ತಟ್ಟಿರಿ" ಎಂಬ ಫಲಕ. ತಟ್ಟಿದೆ. ನೊಣವೂ ಬರಲಿಲ್ಲ. ಕೊನೆಗೆ ಕಾವಲಿನವರು ಬಂದು, "ಬಕೆಟ್ ಇದ್ರೆ ಲಿಫ್ಟಿಲ್ಲ, ಮೆಟ್ಟಿಲಲ್ಲಿ ಹೋಗಿ" ಎಂದರು. ಹೋದೆವು.

ಹನ್ನೊಂದನೇ ಮಹಡಿಯ ಗಾಜಿನ ಕೋಣೆಯಲ್ಲಿ ತಾವು ನಡುವೆ, ಆಚೀಚೆ ಮೂವರು ಹೂಡಿಕೆದಾರರು, ಬಾಗಿಲ ಬಳಿ ಪಟ್ಟಿ ಹಿಡಿದ ಕಾರ್ಯದರ್ಶಿ. ಮೂಲೆಯ ಮೇಜಿನಲ್ಲಿ, ಐದು ನಿಮಿಷವಾದ ಕೂಡಲೇ ಗಂಟೆ ಹೊಡೆಯುವ ಏಕೈಕ ಹೊಣೆ ಹೊತ್ತ ಒಬ್ಬ ಅಧಿಕಾರಿ. ಅಕ್ಕ ಸ್ಟ್ಯಾಂಡಿಗೆ ಬಾಟಲಿ ತೂಗುಹಾಕಿ ನಲ್ಲಿ ಬಿಟ್ಟಳು. ನೀರು ಬಕೆಟ್ಟಿಗೆ ಇಳಿಯತೊಡಗಿತು. ನಾಲ್ಕು ನಿಮಿಷಕ್ಕೆ ಖಾಲಿಯಾಗುವಂತೆ ಮನೆಯಲ್ಲಿ ಹತ್ತು ಸಲ ಅಭ್ಯಾಸವಾಗಿತ್ತು. ದಪ್ಪ ಚೌಕಟ್ಟಿನ ಕನ್ನಡಕದ ಹೂಡಿಕೆದಾರರು ಮೊಬೈಲಿನಿಂದ ತಲೆ ಎತ್ತಿ ಕೇಳಿದರು.

"ಇದ್ರಲ್ಲಿ ಆ್ಯಪ್ ಎಲ್ಲಿದೆ?"

"ಆ್ಯಪ್ ಇಲ್ಲ ಸರ್. ಸ್ಪ್ರಿಂಗ್ ಇದೆ."

"ಹಾಗಾದ್ರೆ ಡೇಟಾ?"

"ಬಾಟಲಿ ಖಾಲಿ ಆಯ್ತು ಅನ್ನೋದೇ ಡೇಟಾ ಸರ್."

"ಮೊದಲ ಮೂರು ವರ್ಷ ಎಷ್ಟು ನಷ್ಟ ಆಗುತ್ತೆ ಅಂದ್ಕೊಂಡಿದೀರಿ?"

"ನಷ್ಟ ಯಾಕಾಗ್ಬೇಕು ಸರ್?"

ಆ ಮಾತು ಕೇಳಿ ಮೂವರ ಮುಖವೂ ಒಟ್ಟಿಗೇ ಬಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಅಕ್ಕ ಎದೆಗುಂದದೆ ಬಡಗಿಯ ಕತೆ ಹೇಳಿದಳು. ತಾವೂ ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿ ಕೇಳಿದಿರಿ, ಸುಳ್ಳು ಹೇಳಬಾರದು. "ಈಗ ನೋಡಿ, ಇನ್ನೇನು ನೀರು ಮುಗೀತಾ ಬಂತು, ಮುಗಿದ ಕೂಡಲೇ..." ಎಂದಳು.

ಟಣ್.

ಕಾರ್ಯದರ್ಶಿಯವರು ಪಟ್ಟಿಯಿಂದ ತಲೆಯನ್ನೂ ಎತ್ತದೆ ಅಂದರು: "ಥ್ಯಾಂಕ್ಯೂ ಮೇಡಂ, ಟೈಮ್ ಆಯ್ತು. ಮುಂದಿನವರು."

"ಅಲ್ಲ ಸರ್, ಅದು ನಮ್ಮ ಗಂಟೆ."

"ಎಲ್ರೂ ಹಾಗೇ ಅಂತಾರೆ ಮೇಡಂ."

"ಇನ್ನೂ ಒಂದು ನಿಮಿಷ ಇದೆ ಸರ್, ಗಡಿಯಾರ ನೋಡಿ."

"ಗಂಟೆ ಆಯ್ತಲ್ಲ, ಗಡಿಯಾರ ಯಾಕೆ?"

ಆಗ ನಾನು ಮೂಲೆಯ ಅಧಿಕಾರಿಯತ್ತ ನೋಡಿದೆ. ಅವರು ಬಲಗೈಯಲ್ಲಿ ಕಾಫಿಗೆ ಸಕ್ಕರೆ ಕಲಕುತ್ತಿದ್ದರು. ಗಂಟೆಯ ಸದ್ದಿಗೆ ಬೆಚ್ಚಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರಂತೆ, ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ತಾನೇ ಹೊಡೆದಿರಬೇಕು ಎಂಬ ತೀರ್ಮಾನಕ್ಕೆ ಬಂದು, ಮೂರು ನಿಮಿಷ ಐವತ್ತೊಂಬತ್ತು ಸೆಕೆಂಡು ತೋರಿಸುತ್ತಿದ್ದ ಗಡಿಯಾರವನ್ನು ಮಗುಚಿ ಇಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗಡಿಬಿಡಿಯಲ್ಲಿಯೇ ಕಾರ್ಯದರ್ಶಿಯವರು ಸ್ಟ್ಯಾಂಡನ್ನು ಹೊರಗೆ ಎಳೆದದ್ದು, ನೀರು ಅವರ ಪ್ಯಾಂಟಿಗೆ ಚೆಲ್ಲಿದ್ದು.

ಮುಂದಿನವರು ಒಂದೇ ಬಣ್ಣದ ತೋಳಿಲ್ಲದ ಜಾಕೆಟ್ಟು ತೊಟ್ಟ ಇಬ್ಬರು ಹುಡುಗರು. ಅವರದ್ದು, ಕುಡಿಯುವವರಿಗೆ ಬಾಯಾರಿಕೆಯಾಗಿದೆ ಎಂದು ಮೊಬೈಲಿಗೆ ತಿಳಿಸುವ ಲೋಟ. ಗಾಜಿನ ಗೋಡೆಯ ಆಚೆ ಬಕೆಟ್ ಹಿಡಿದು ನಿಂತು ಪೂರ್ತಿ ನೋಡಿದೆ. ಲೋಟ ಒಂದು ಸಲವೂ ಬಾಯಿ ಬಿಡಲಿಲ್ಲ. "ಸರ್ವರ್ ಡೌನ್ ಇದೆ" ಎಂದ ಒಬ್ಬ. "ಸೋಲುವ ಧೈರ್ಯ ಬೇಕು ಕಣ್ರಿ, ಅದೇ ನಮಗೆ ಬೇಕಾಗಿರೋದು" ಎಂದು ದಪ್ಪ ಕನ್ನಡಕದವರು ಎದ್ದು ನಿಂತು ಅವನ ಕೈ ಕುಲುಕಿದರು. ಮರುದಿನ ಆಯ್ಕೆಯಾದವರ ಪಟ್ಟಿಯಲ್ಲಿ ಲೋಟಕ್ಕೆ ಮೊದಲ ಸ್ಥಾನ.

ಲೋಟದ ಮೇಲೆ ನನಗೆ ಹಗೆಯಿಲ್ಲ. ಹೂಡಿಕೆದಾರರ ಹಣ, ಅವರ ಲೋಟ, ಅವರ ಬಾಯಾರಿಕೆ. ಹತ್ತು ಕಡೆ ಬಿತ್ತಿದರೆ ಒಂದು ಕಡೆ ಮೊಳೆಯುತ್ತದೆ ಎಂಬುದು ಅವರ ಬೇಸಾಯ, ಅದನ್ನೂ ಒಪ್ಪುತ್ತೇನೆ. ನನ್ನ ಪ್ರಶ್ನೆ ಬಿತ್ತುವ ಕೈಯ ಬಗ್ಗೆ ಅಲ್ಲ, ಈಗಾಗಲೇ ಮೊಳೆತದ್ದನ್ನು ಕಳೆ ಎಂದು ಕೀಳುವ ಕೈಯ ಬಗ್ಗೆ. ಕೆಲಸ ಮಾಡದ ವಸ್ತುವಿನಲ್ಲಿ ಭವಿಷ್ಯ ಕಾಣುವ ಕಣ್ಣಿಗೆ, ಕೆಲಸ ಮಾಡುವ ವಸ್ತು ಏಕೆ ಕಾಣುವುದಿಲ್ಲ? ಸ್ಪ್ರಿಂಗು ಹಳೆಯದು ಎಂದೇ? ಹಾಗಾದರೆ ಸ್ವಾಮಿ, ಗಂಟೆ ಹೊಡೆದರೆ ಎದ್ದು ಹೋಗಬೇಕೆಂಬ ತಮ್ಮ ಮಹಾ ಆಡಳಿತ ವ್ಯವಸ್ಥೆ ಯಾವ ಶತಮಾನದ್ದು? ಅಕ್ಕನ ಉಪಕರಣಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಇನ್ನೇನು ಬೇಕು: ಅದು ಹೊಡೆದಾಗ ಕಾರ್ಯದರ್ಶಿ ನಂಬಿದರು, ಅಧಿಕಾರಿ ನಂಬಿದರು, ಮೂವರು ಹೂಡಿಕೆದಾರರು ಚಪ್ಪಾಳೆ ತಟ್ಟಿದರು, ಮಂಡಳಿಗೆ ಮಂಡಳಿಯೇ ಅದರ ಆಜ್ಞೆ ಪಾಲಿಸಿತು. ಎರಡು ಗಂಟೆಗಳ ದನಿ ಒಂದೇ ತಾಯಿಯ ಮಕ್ಕಳಂತೆ ಅಷ್ಟು ಹೋಲುತ್ತಿದ್ದುದು ಹೇಗೆ ಎಂಬ ಗಹನವಾದ ತಾಂತ್ರಿಕ ವಿಚಾರಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ.

ಅಕ್ಕ ಯಾರನ್ನೂ ಬೈದಿಲ್ಲ. ಸ್ಟ್ಯಾಂಡನ್ನು ಅಟ್ಟಕ್ಕೆ ಏರಿಸಿ ಎಂದಿನಂತೆ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ. "ಹೋಗ್ಲಿ ಬಿಡೋ, ಮುಂದಿನ ವರ್ಷ ನೋಡೋಣ" ಎನ್ನುತ್ತಾಳೆ. ಅವಳು ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ತಿಂಗಳು ಮುಗಿಯುವ ಮೊದಲು ಮಂಡಳಿಯವರು ಅಕ್ಕನ ವಾರ್ಡಿಗೆ ದಯಮಾಡಿಸಬೇಕು. ಪರದೆ ಬೇಡ, ಕಾಫಿ ಬೇಡ, ಮೂಲೆಯ ಅಧಿಕಾರಿಗಳಿಗೆ ಅಂದು ರಜೆ ಕೊಡಿ. ಒಂದೊಂದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಒಬ್ಬೊಬ್ಬರು ಕುಳಿತು, ಒಂದೇ ಒಂದು ಬಾಟಲಿ ಖಾಲಿಯಾಗುವವರೆಗೆ ಕತ್ತು ಮೇಲೆತ್ತಿ ಕಾಯಿರಿ. ಆಮೇಲೆ ಅಕ್ಕನ ಉಪಕರಣ ಹಾಕಿಸಿಕೊಂಡು ಇನ್ನೊಂದು ಬಾಟಲಿ ಕಾಯಿರಿ. ಎರಡನೆಯದಕ್ಕೆ ನಿಮ್ಮಲ್ಲಿ ಯಾರಿಗಾದರೂ ತೂಕಡಿಕೆ ಬಂದರೆ, ಅಲ್ಲೇ ಕಾಗದಕ್ಕೆ ಸಹಿ ಹಾಕಿ.

ಇಂತಿ,
ನೀರಿನ ಬಕೆಟ್ಟನ್ನು ಹನ್ನೊಂದು ಮಹಡಿ ಇಳಿಸಿದ ನಂತರ ಅದನ್ನು ಮೇಲೆಯೇ ಚೆಲ್ಲಬಹುದಿತ್ತೆಂದು ಅರಿತ,
ಅಕ್ಕನ ಒಬ್ಬನೇ ತಮ್ಮ

ಮರೆತ ಮಾತು: ತಮ್ಮ ಸ್ವಾಗತ ಮೇಜಿನ ಹಿತ್ತಾಳೆ ಗಂಟೆ ಮಂಗಳವಾರದಿಂದ ಕಾಣುತ್ತಿಲ್ಲವೆಂದು ಕಾವಲಿನವರನ್ನು ವಿಚಾರಿಸುತ್ತಿದ್ದೀರೆಂದು ಕೇಳಿದೆ. ದಯವಿಟ್ಟು ಅವರನ್ನು ಬಿಟ್ಟುಬಿಡಿ. ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು. ಅಷ್ಟು ದೊಡ್ಡ ಜನರ ಮುಂದೆ ತುಕ್ಕು ಹಿಡಿದ ಸೈಕಲ್ ಬೆಲ್ಲು ಚೆನ್ನಾಗಿರುವುದಿಲ್ಲ ಅನ್ನಿಸಿ, ಮೇಲೆ ಅಕ್ಕ ಅರ್ಜಿ ತುಂಬುವಷ್ಟರಲ್ಲಿ ಶೌಚಾಲಯದಲ್ಲಿ ಕೂತು ಅದನ್ನು ಬಿಚ್ಚಿ ಇದನ್ನು ಕೂರಿಸಿದೆ. ಅದರ ಒಡಹುಟ್ಟು ಮೇಲಿನ ಕೋಣೆಯ ಮೂಲೆಯಲ್ಲಿದೆ ಎಂದು ನನಗೇನು ಗೊತ್ತಿತ್ತು? "ಬೆಲ್ ಯಾಕೋ ಬೇರೆ?" ಎಂದು ಅಕ್ಕ ಕೇಳಿದಳು. "ನಿನಗೇ ಅಂತ ಹೊಸದು ತಂದೆ ಅಕ್ಕ" ಎಂದೆ. "ಪರವಾಗಿಲ್ವೇ, ನಿನಗೂ ಬುದ್ಧಿ ಬಂತು" ಎಂದು ನನ್ನ ತಲೆ ಸವರಿದಳು. ನಾಳೆ ಬೆಳಗ್ಗೆ ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ಓದಿದ ಮೇಲೆ ಅವಳು ಆ ಮಾತನ್ನು ಹಿಂದಕ್ಕೆ ಪಡೆಯುವ ಸಂಭವವಿದೆ.