ಗುರುವಾರದ ಸಾಕ್ಷಿ

ಅಂಗಡಿಯ ಮೇಲಿನ ಕೋಣೆಯಿಂದ
ಭಾನುವಾರ, ೧೪ನೇ ತಾರೀಖು

ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿಯೇ ಇರಬೇಕು. ಮೈಯಲ್ಲಿ ತ್ರಾಣವಿಲ್ಲದವರು ಇಂಥದ್ದನ್ನೆಲ್ಲ ಕೇಳುವುದಿಲ್ಲ. ಯಾವಾಗಲೋ ಒಮ್ಮೆ ನಾಲ್ಕು ಸಾಲು ಗೀಚುವವಳು ಈ ಸಲ ಹಾಳೆ ತುಂಬ ಬರೆದಿದ್ದೀಯಲ್ಲ ಎಂದು ಖುಷಿಯಾಗಿಯೇ ಓದಲು ಕೂತೆ. ಹಾಳೆ ತಿರುವುವಷ್ಟರಲ್ಲಿ ಟೀ ಆರಿಹೋಗಿತ್ತು, ಕುಡಿಯುವ ಮನಸ್ಸೂ ಹೋಗಿತ್ತು.

ನಿನ್ನ ಮೊಮ್ಮಗಳು ಚಿನಕುರಳಿ ಚಪ್ಪಲಿ ಅಂಗಡಿಗೆ ಹೋಗಿ ಹೊಸ ಚಪ್ಪಲಿ ಮೆಟ್ಟಿಕೊಂಡು, ತನ್ನ ಹಳೆಯ ಜೋಡಿಯನ್ನು ಅದೇ ಸಾಲಿನಲ್ಲಿ ನೀಟಾಗಿ ಇಟ್ಟು ಬಂದಳು ಎಂದು ಬರೆದಿದ್ದೀಯ. ಅಷ್ಟು ಓದಿದಾಗ ನನಗೆ ನಗು ಬಂತು. ಅಂಗಡಿಯವನು ಚಪ್ಪಲಿ ವಾಪಸು ಕೊಟ್ಟರೆ ಸಾಕು ಎಂದನಂತೆ. ಸಾಲದು ಎಂದವನು ಹುಡುಗಿಯ ಹೆತ್ತ ಅಪ್ಪ, ನಮ್ಮ ಮನೆಯ ಮುದ್ದಿನ ಮಗ, ನನ್ನ ತಮ್ಮ. “ಒಂದು ವರ್ಷ ಆ ಮಕ್ಕಳ ಮನೇಲಿದ್ದು ಬರ್ಲಿ, ಬುದ್ಧಿ ಬರುತ್ತೆ” ಎಂದು ಸ್ಟೇಷನ್ನಿನಲ್ಲಿ ಅವನೇ ಹೇಳಿ ಬಂದಿದ್ದಾನೆ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ನಿನ್ನ ಮಡಿಲಿಗೆ ಹಾಕಿ ಕೈ ತೊಳೆದುಕೊಂಡವನಿಗೆ ಈಗ ಅವಳ ಬುದ್ಧಿಯ ಚಿಂತೆ ಹತ್ತಿದೆ.

ಗುರುವಾರ ವಿಚಾರಣೆ, ನಾನು ಬಂದು ಜಡ್ಜಿನೆದುರು ಒಂದು ಮಾತು ಹೇಳಬೇಕು, ಆ ಮನೆಯಿಂದಲೇ ನಾನು ದಾರಿಗೆ ಬಂದದ್ದು ಎನ್ನಬೇಕು. ಇದು ನಿನ್ನ ಬೇಡಿಕೆ. ನಾನು ಅಲ್ಲಿದ್ದಾಗ ಪೇಪರಿನಲ್ಲಿ ಬಂದಿದ್ದ ಫೋಟೋ ಇನ್ನೂ ಇಟ್ಟುಕೊಂಡಿದ್ದೀಯಂತೆ, ಮಂತ್ರಿಗಳ ಎದುರು ನಿಂತು ಭಾಷಣ ಮಾಡುತ್ತಿರುವುದು. ಅಮ್ಮಾ, ಅದು ಭಾಷಣವಲ್ಲ. ಅದನ್ನು ‘ಇತಿಹಾಸ ಒಪ್ಪಿಸುವುದು’ ಎನ್ನುತ್ತಿದ್ದರು. ದೊಡ್ಡವರು ಯಾರೇ ನೋಡಲು ಬಂದರೂ ಒಬ್ಬ ಹುಡುಗಿ ಮುಂದೆ ನಿಂತು ಆ ಮನೆಯ ಚರಿತ್ರೆಯನ್ನು ಬಾಯಿಪಾಠ ಹೇಳಬೇಕು. ನನ್ನ ಗಂಟಲು ಚೆನ್ನಾಗಿತ್ತು, ಅದಕ್ಕೇ ನನ್ನನ್ನು ಆರಿಸಿದ್ದರು.

ಈಗಲೂ ತಡವರಿಸದೆ ಹೇಳಬಲ್ಲೆ. ಹಿಂದಿನ ಕಾಲದಲ್ಲಿ ತಪ್ಪು ಮಾಡಿದ ಮಕ್ಕಳನ್ನು ದೊಡ್ಡ ಕಳ್ಳರ ಜೊತೆಗೇ ಜೈಲಿನಲ್ಲಿ ಕೂಡಿಹಾಕುತ್ತಿದ್ದರು. ರೊಟ್ಟಿ ಕದ್ದವನೂ ಕೊಲೆ ಮಾಡಿದವನೂ ಒಂದೇ ಗೋಡೆಗೆ ಒರಗಿ ಮಲಗುತ್ತಿದ್ದರು. ಇದನ್ನು ಕಂಡು ಬಟ್ಟೆ ಗಿರಣಿಯ ಯಜಮಾನರೊಬ್ಬರ ಮನಸ್ಸು ಕರಗಿತು. ಅವರು ಜಾಗ ಕೊಟ್ಟರು, ಕಟ್ಟಡ ಕಟ್ಟಿಸಿದರು, ಮಕ್ಕಳ ಕಾಲಿನ ಸರಪಳಿ ಬಿಚ್ಚಿಸಿದರು. ಇಲ್ಲಿ ಶಿಕ್ಷೆಯಿಲ್ಲ, ಶಿಕ್ಷಣವಿದೆ. ಇಷ್ಟು ಹೇಳಿ ಕೈ ಮುಗಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಆ ಪಾಠದಲ್ಲಿ ಇಲ್ಲದ್ದನ್ನು ಹೊಲಿಗೆ ಟೀಚರು ಹೇಳುತ್ತಿದ್ದರು, ಬಾಗಿಲ ಕಡೆ ಒಂದು ಕಣ್ಣಿಟ್ಟು. ಯಜಮಾನರ ಮನಸ್ಸು ಕರಗಿದ ಮರುವರ್ಷದಿಂದಲೇ ಅಲ್ಲಿನ ಹುಡುಗಿಯರು ಅವರ ಗಿರಣಿಗೆ ದಿಂಬಿನ ಚೀಲ ಹೊಲಿಯತೊಡಗಿದರಂತೆ, ಬಿಟ್ಟಿಯಾಗಿ. ಸರಪಳಿ ಹೋಗಿ ಕತ್ತಲೆ ಕೋಣೆ ಬಂತಂತೆ. ಗೇಟಿನ ಬೋರ್ಡಿನಲ್ಲಿ ಮೊದಲು ‘ಬಾಲಾಪರಾಧಿಗಳ ಬಂದೀಖಾನೆ’ ಎಂದಿತ್ತು, ಆಮೇಲೆ ‘ಸುಧಾರಣಾ ಶಾಲೆ’ ಆಯಿತು, ನಾನಿದ್ದಾಗ ‘ಮಕ್ಕಳ ಮನೆ’. ಹೆಸರು ಬದಲಾದಾಗೆಲ್ಲ ಒಬ್ಬ ಪೇಂಟರನ್ನು ಕರೆಸುತ್ತಿದ್ದರು, ಬೀಗದವನನ್ನು ಕರೆಸುವ ಅಗತ್ಯ ಬಿದ್ದಿರಲಿಲ್ಲ. ಇನ್ನೊಂದು ವಿಷಯವನ್ನು ಯಾರೂ ಹೇಳಬೇಕಾಗಿರಲಿಲ್ಲ, ನಮಗೇ ಕಾಣುತ್ತಿತ್ತು. ಹುಡುಗರು ಕದ್ದು ಬಂದವರು, ಹೊಡೆದಾಡಿ ಬಂದವರು. ಹುಡುಗಿಯರಲ್ಲಿ ಹೆಚ್ಚಿನವರು ಮನೆಯವರು ಬೇಡವೆಂದದ್ದಕ್ಕೆ ಬಂದವರು.

ನಾನು ಏನು ಮಾಡಿದ್ದೆ ಎಂಬುದು ನಿನಗೆ ನೆನಪಿದೆಯೋ ಇಲ್ಲವೋ. ಗೆಳತಿಯ ಮನೆಯಲ್ಲಿ ಹೇಳದೆ ಕೇಳದೆ ಉಳಿದುಬಿಟ್ಟಿದ್ದೆ, ಮನೆಯಲ್ಲಿ ಅಪ್ಪನ ಕೈ ಜೋರಾಗಿತ್ತೆಂದು. ಕೋರ್ಟಿನಲ್ಲಿ ಅಪ್ಪನ ಕೈಯ ಮಾತು ಏಳಲಿಲ್ಲ. ನಿನ್ನನ್ನು ಕೇಳಿದರು. ನೀನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ “ನಮ್ಮ ಕೈ ಮೀರಿದ್ದಾಳೆ ಸಾರ್” ಎಂದೆ.

ಅಲ್ಲಿ ಹೊಲಿಗೆ ಕಲಿತದ್ದರಿಂದಲೇ ಇವತ್ತು ಅನ್ನ ಹುಟ್ಟುತ್ತಿದೆಯಲ್ಲ ಎಂದು ಬರೆದಿದ್ದೀಯ. ಹೌದು, ಹುಟ್ಟುತ್ತಿದೆ. ಅಲ್ಲಿ ಮೊದಲ ದಿನ ಏನು ಹೊಲಿಸುತ್ತಾರೆ ಗೊತ್ತೇ? ಊರಿನವರು ದಾನ ಕೊಟ್ಟ ಹಳೆಯ ಬಟ್ಟೆಗಳಲ್ಲಿ ಒಂದನ್ನು ತೊಡಲು ಕೊಡುತ್ತಾರೆ, ಅದರ ಜೇಬನ್ನು ನಾವೇ ಹೊಲಿದು ಮುಚ್ಚಬೇಕು. ಏನನ್ನೂ ಬಚ್ಚಿಡಬಾರದಲ್ಲ. ಹೊಲಿಗೆ ಎಷ್ಟು ಸಣ್ಣದಾಗಿ ಬೀಳುತ್ತದೆ ಎನ್ನುವುದರ ಮೇಲೆ ಶಹಭಾಸ್‌ಗಿರಿ. ಹೊರಗೆ ಬಂದು ಈ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಲಾಯರರ ಕೋಟು ರಿಪೇರಿಗೆ ಬಂತು. ಒಳಪದರ ಸರಿಮಾಡಿದೆ, ಗುಂಡಿ ಬಿಗಿಮಾಡಿದೆ, ಕೈ ತನ್ನಷ್ಟಕ್ಕೆ ತಾನೇ ಹೋಗಿ ಎಲ್ಲ ಜೇಬನ್ನೂ ಮುಚ್ಚಿ ಹೊಲಿಯಿತು. ಲಾಯರರು ಅಂಗಡಿಯಲ್ಲೇ ಕೋಟು ತೊಟ್ಟು ಕನ್ನಡಕ ಇಡಲು ಹೋದರೆ ಕೈ ಜಾರಿ ಜಾರಿ ಬರುತ್ತಿದೆ. ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು “ಯಾರಮ್ಮ ನಿಂಗೆ ಕೆಲ್ಸ ಕಲಿಸ್ದೋರು?” ಎಂದು ಕೇಳಿದರು. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ. ಇಂದಿಗೂ ಯಾರಾದರೂ ಹೊಸಬರು ಸೇರಿದರೆ ಅವರಿಗೆ ಮೊದಲು ಹೇಳುವ ತಮಾಷೆ ಅದೇ.

ನನ್ನ ಸಿಟ್ಟು ಆರಿದೆ ಎಂದುಕೊಂಡಿದ್ದೆ. ನಿನ್ನ ಕಾಗದ ಓದಿದ ಮೇಲೆ ಅದು ಹಾಗೆಯೇ ಇದೆಯೆಂದು ತಿಳಿಯಿತು. ಆ ಮನೆಯನ್ನು ನೀನು ಒಳಗಿನಿಂದ ನೋಡಿಲ್ಲ, ಅದಕ್ಕೆ ನಿನ್ನನ್ನು ದೂರಲಾರೆ. ಹೊರಗಿನಿಂದಲೂ ನೋಡಿಲ್ಲ. ಬಸ್ಸು ಗೇಟಿನ ಎದುರಿಗೇ ನಿಲ್ಲುತ್ತಿತ್ತು.

ಗುರುವಾರ ಬರುತ್ತೇನೆ. ಯಜಮಾನರನ್ನು ಕೇಳಿ ರಜೆ ಹಾಕಿಯಾಯಿತು. ಜಡ್ಜಿನೆದುರು ನಿಂತು ಮಾತಾಡುತ್ತೇನೆ, ಗಂಟಲು ಈಗಲೂ ಚೆನ್ನಾಗಿಯೇ ಇದೆ. ಆದರೆ ನೀನು ಕೇಳಿದ್ದನ್ನು ಹೇಳುವುದಿಲ್ಲ. ಇಲ್ಲಿ ಬರೆದದ್ದನ್ನೆಲ್ಲ ಹೇಳಿ, ಹುಡುಗಿಯನ್ನು ನನ್ನ ಕೈಗೆ ಕೊಡಿ ಎಂದು ಕೇಳುತ್ತೇನೆ. ಕೋಣೆ ಚಿಕ್ಕದು, ಇಬ್ಬರಿಗೆ ಸಾಕು. ಹತ್ತಿರದಲ್ಲೇ ಸ್ಕೂಲಿದೆ. ಹೊಲಿಗೆ ಕಲಿಯಲೇಬೇಕೆಂದು ಹಟವೇನೂ ಇಲ್ಲ. ಅವಳು ನನ್ನ ಹಾಗೆ ಬಾಯಿ ಮುಚ್ಚಿಕೊಂಡಿರುವವಳಲ್ಲ, ಎದುರು ಮಾತಾಡುವವಳು. ಆ ಮನೆಯಲ್ಲಿ ಇಂಥವರನ್ನೇ ಹೆಚ್ಚು ದಿನ ಇಟ್ಟುಕೊಳ್ಳುತ್ತಾರೆ.

ತಮ್ಮ ಕೂಗಾಡುತ್ತಾನೆ, ಕೂಗಾಡಲಿ. ಆದರೆ ಸಾಕಿದವಳು ನೀನು, ಜಡ್ಜು ಕೊನೆಗೆ ನಿನ್ನನ್ನೇ ಕೇಳುತ್ತಾರೆ. ಆಗ ಅವನ ಮುಖ ನೋಡಬೇಡ. “ಅತ್ತೆ ಹತ್ರ ಇರ್ಲಿ” ಎಂದು ಹೇಳು. ಅದಕ್ಕಿಂತ ದೊಡ್ಡ ಮಾತನ್ನು ನೀನು ಕೋರ್ಟಿನಲ್ಲಿ ಒಮ್ಮೆ ಹೇಳಿದ್ದೀಯ, ಇದು ಕಷ್ಟವಾಗಲಾರದು. ಹೇಳದಿದ್ದರೆ ಇನ್ನು ಮುಂದೆ ನನಗೆ ಕಾಗದ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಮಂಡಿ ನೋವಿಗೆ ಬಿಸಿನೀರಿನ ಶಾಖ ಬಿಡಬೇಡ. ಕೋರ್ಟಿನಲ್ಲಿ ಮೆಟ್ಟಿಲು ಜಾಸ್ತಿ. ನಾನು ಬೇಗ ಬಂದು ಕೆಳಗೇ ಕಾದಿರುತ್ತೇನೆ, ಕೈ ಹಿಡಿದು ಹತ್ತಿಸುತ್ತೇನೆ.

ಇಂತು,
ನಿನ್ನ ಮಗಳು

ಮರೆತ ಮಾತು: ಆ ಮನೆಯ ವಾರ್ಡನ್ ಇನ್ನೂ ಕೆಲಸದಲ್ಲಿದ್ದಾರಂತೆ, ಗುರುವಾರ ಅವರೂ ಬರುತ್ತಾರೆ. ನಿನ್ನನ್ನು ಯಾರೆಂದು ಕೇಳಿದರೆ ನನ್ನ ದೊಡ್ಡಮ್ಮ ಎಂದು ಹೇಳು. ಮನೆಯವರು ನೋಡಲು ಬರುವ ಮೊದಲನೆಯ ಭಾನುವಾರ ಸಂಜೆಯವರೆಗೆ ಗೇಟಿನ ಹತ್ತಿರ ನಿಂತಿದ್ದೆ. ಎಲ್ಲರೂ ಹೋದ ಮೇಲೆ ಅವರು “ನಿಮ್ಮಮ್ಮ ಯಾಕೆ ಬರ್ಲಿಲ್ಲ?” ಎಂದು ಕೇಳಿದರು. ಸತ್ತುಹೋದರು ಎಂದೆ. ಅವರು ನನ್ನನ್ನು ಹತ್ತಿರ ಎಳೆದುಕೊಂಡು ತಲೆ ಸವರಿದರು. ಅಲ್ಲಿದ್ದಷ್ಟು ಕಾಲ ಯಾರಾದರೂ ನನ್ನನ್ನು ಹಾಗೆ ಮುಟ್ಟಿದ್ದು ಅದೊಂದೇ ಸಲ.