ಸೂಳೆಕೆರೆಯಲ್ಲಿ ಇಳಿದ ಹೆಲಿಕಾಪ್ಟರ್

ಚನ್ನಗಿರಿ
10-11-2025, ಸೋಮವಾರ

ಪ್ರೀತಿಯ ಮಗಳು ದುರ್ಗಾಂಬಿಕಾಗೆ ನಿನ್ನ ಅಪ್ಪಾಜಿಯ ಮನಸಾರೆ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಹೊಟ್ಟೆ ತೊಳಸುವುದು ನಿಂತಿತೇ? ಹಡಗು ಬಂದರು ಬಿಟ್ಟ ಮೊದಲ ಎರಡು ದಿನ ಅನ್ನ ಸೇರುವುದಿಲ್ಲ ಎಂದು ಹಿಂದಿನ ಪತ್ರದಲ್ಲಿ ನೀನು ಬರೆದಿದ್ದೆ. ಅದನ್ನು ಓದಿದ ದಿನವೇ ನಿನ್ನ ಅಮ್ಮ ಒಂದು ಜಾಡಿ ನಿಂಬೆ ಉಪ್ಪಿನಕಾಯಿ ಹಾಕಿದಳು. ಅದನ್ನು ನಡುಸಮುದ್ರಕ್ಕೆ ಹೇಗೆ ಕಳಿಸುವುದು ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಿದೆ. ಅವರು ಜಾಡಿಯನ್ನೂ ನೋಡಿದರು, ನನ್ನನ್ನೂ ನೋಡಿದರು, ನನ್ನ ಹಿಂದೆ ನಿಂತಿದ್ದವರನ್ನು ಕರೆದರು. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಸೊಂಟ ಎಂದಿನ ಹಾಗೇ ಇದೆ. ಜಗಳೂರಿನಿಂದ ನಿಮ್ಮಜ್ಜಿ ಬಂದು ಹದಿನೆಂಟು ದಿನವಾಯಿತು. ಅವಳೂ ಚೆನ್ನಾಗಿದ್ದಾಳೆ, ಸ್ವಲ್ಪ ಹೆಚ್ಚಾಗಿಯೇ ಚೆನ್ನಾಗಿದ್ದಾಳೆ. ನೀನಿರುವ ಕಡೆ ಫೋನ್ ಹತ್ತದೆ ಇರುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ಈ ಸಂಗತಿಯನ್ನು ನಿನ್ನ ಅಮ್ಮ ನನ್ನ ಕೈಯಿಂದ ಕಿತ್ತುಕೊಂಡು ತಾನೇ ಹೇಳಿಬಿಡುತ್ತಿದ್ದಳು. ಪತ್ರದಲ್ಲಿ ನಾನೊಬ್ಬನೇ, ಸಾವಕಾಶವಾಗಿ ಹೇಳಬಹುದು.

ಕಳೆದ ರಜೆಯಲ್ಲಿ ಬಂದಾಗ ನನಗೆಂದು ಒಂದು ಪೆಟ್ಟಿಗೆ ತಂದಿದ್ದೆಯಲ್ಲ, ಚೇತಕ್ ಹೆಲಿಕಾಪ್ಟರಿನ ಪ್ಲಾಸ್ಟಿಕ್ ಮಾದರಿ, ಬಿಡಿಭಾಗಗಳನ್ನು ಅಂಟಿಸಿ ನಾವೇ ಜೋಡಿಸಬೇಕಾದದ್ದು. "ದಿನಾ ಹಲ್ಲು ಮಾಡಿ ಮಾಡಿ ಬೇಜಾರಾಗಿರ್ತದೆ ಅಪ್ಪಾಜಿ, ಇದನ್ನ ಮಾಡಿ" ಅಂದಿದ್ದೆ. ಮೂವತ್ತೊಂದು ವರ್ಷದಿಂದ ಡಾಕ್ಟರುಗಳು ಕಳಿಸುವ ಅಳತೆಗೆ ಸೆಟ್ ಹಲ್ಲು ಮಾಡಿಕೊಡುತ್ತಿದ್ದೇನೆ, ನನಗೆ ಒಂದು ದಿನವೂ ಬೇಜಾರಾಗಿಲ್ಲ. ಆದರೆ ನಿನಗೆ ಬೇಸರವಾಗಬಾರದೆಂದು ಪೆಟ್ಟಿಗೆ ಇಸಿದುಕೊಂಡೆ. ಅದರ ಮೇಲಿನ ಚಿತ್ರದಲ್ಲಿದ್ದದ್ದು ಭೂಸೇನೆಯ ಹಸಿರು ಹೆಲಿಕಾಪ್ಟರು. "ನಮ್ಮದು ಬೂದು ಬಣ್ಣ, ಅಂಗಡಿಯಲ್ಲಿ ಇದೊಂದೇ ಸಿಕ್ಕಿತು" ಎಂದು ನೀನೇ ಮುಖ ಸಣ್ಣ ಮಾಡಿದ್ದೆ. ನೀನು ಹೋದ ಮೇಲೆ ಅದನ್ನು ಹಲ್ಲಿನ ಅಚ್ಚುಗಳ ಹಿಂದೆ ಇಟ್ಟು ಮರೆತೇಬಿಟ್ಟಿದ್ದೆ.

ಇನ್ನು ನಿಮ್ಮಜ್ಜಿಯ ವಿಷಯ. ನೀನು ನೇವಿಗೆ ಸೇರುವಾಗ ಕಾಗದಕ್ಕೆ ಸಹಿ ಹಾಕಿದ್ದು ನಾನು ಎನ್ನುವುದನ್ನು ಅವಳು ಇವತ್ತಿನವರೆಗೂ ಮರೆತಿಲ್ಲ. "ಬಾವಿ ಬಗ್ಗಿ ನೋಡಾಕೆ ಹೆದರೋ ಹುಡುಗಿನ ಸಮುದ್ರಕ್ಕೆ ಹಾಕಿದ್ಯಲ್ಲೋ ಚಿಕ್ಕಹನುಮಂತ! ಅವಳು ಅದನ್ನ ಬಿಟ್ಟು ನೆಲಕ್ಕೆ ಬರೋವರ್ಗೂ ನಿನ್ನ ಮನೆ ಅನ್ನ ಮುಟ್ಟಲ್ಲ" ಎಂದು ಅಂದು ಹೇಳಿದವಳು, ಮೂರು ವರ್ಷ ಮಾತು ಉಳಿಸಿಕೊಂಡಿದ್ದಾಳೆ. ನೀನು ರಜೆಗೆ ಬಂದದ್ದನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಈಗ ಬಂದದ್ದೂ ನಮ್ಮನ್ನು ನೋಡಲು ಅಲ್ಲ, ಹೊಸ ಹಲ್ಲು ಮಾಡಿಸಿಕೊಳ್ಳಲು. ಮಗನ ಅನ್ನ ಬೇಡ, ಮಗ ಮಾಡಿದ ಹಲ್ಲು ಬೇಕು. "ಹಲ್ಲು ಬ್ಯಾರೆ, ಅನ್ನ ಬ್ಯಾರೆ" ಎನ್ನುತ್ತಾಳೆ. ಜಗಳೂರಿನಿಂದ ಜೋಳದ ಹಿಟ್ಟು ಗಂಟು ಕಟ್ಟಿಕೊಂಡು ಬಂದು, ನಮ್ಮ ಒಲೆಯ ಮೇಲೆ, ನಮ್ಮ ಹಂಚಿನಲ್ಲಿ, ನಮ್ಮ ಉಪ್ಪು ಹಾಕಿ ರೊಟ್ಟಿ ತಟ್ಟಿಕೊಂಡು ತಿಂದು, ನಮ್ಮ ಮನೆಯದು ಏನೂ ಮುಟ್ಟಿಲ್ಲ ಎಂದು ಪಕ್ಕದ ಮನೆಯವರಿಗೆ ಹೇಳಿ ಬರುತ್ತಾಳೆ. ನಿನ್ನ ಅಮ್ಮ ಅಡುಗೆ ಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾಳೆ. ಕೆಲವು ಸಲ ಅಳುವುದನ್ನೂ ನೋಡಿದ್ದೇನೆ.

ಹಲ್ಲಿನ ಅಳತೆ ಕೊಡಲು ನನ್ನ ಕೆಲಸದ ಕೋಣೆಗೆ ಬಂದ ನಿಮ್ಮಜ್ಜಿಯ ಕಣ್ಣಿಗೆ ಆ ಪೆಟ್ಟಿಗೆ ಬಿತ್ತು. "ಅವಳು ಕೆಲಸ ಮಾಡೋದು ಇದರ ಮೇಲಾ?" ಎಂದಳು. ಇದು ನೆಲದ ಸೈನ್ಯದ್ದು, ಅವಳದು ಹಡಗಿನ ಮೇಲೆ ಇರುವಂಥದ್ದು, ಬೇರೆ ಥರ ಎಂದೆ. "ಬ್ಯಾರೆ ಥರ ಅಂದ್ರೆ ಹೆಂಗೆ? ಮಾಡಿ ತೋರ್ಸು" ಅಂದಳು. ಬಾಯಲ್ಲಿ ಅಳತೆಯ ಅಂಟು ತುಂಬಿಸುವುದಕ್ಕೆ ಅರ್ಧ ನಿಮಿಷ ಮೊದಲು ಹೀಗೆ ಸವಾಲು ಹಾಕಿ, ಆಮೇಲೆ ನಾನು ಏನು ಹೇಳಿದರೂ ಬಾಯಿ ತೆರೆಯದೆ ಕಣ್ಣಲ್ಲೇ ನನ್ನನ್ನು ನೋಡುತ್ತಾ ಕುಳಿತಳು. ಮಾಡಿ ತೋರಿಸುತ್ತೇನೆ ಎಂದು ನಾನೂ ಒಪ್ಪಿಕೊಂಡುಬಿಟ್ಟೆ.

ಒಪ್ಪಿಕೊಂಡ ಮೇಲೆ ನಿನ್ನ ಹಳೆಯ ಪತ್ರಗಳನ್ನೆಲ್ಲ ಹರಡಿಕೊಂಡು ಕುಳಿತೆ. ಹಡಗಿನಲ್ಲಿ ಜಾಗ ಕಡಿಮೆ, ಹಾಗಾಗಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಗೂಡಿನೊಳಗೆ ತಳ್ಳುತ್ತೇವೆ ಎಂದು ಚಿತ್ರ ಬರೆದು ಕಳಿಸಿದ್ದೆಯಲ್ಲ, ಅದು ಸಿಕ್ಕಿತು. ಮೂರು ರೆಕ್ಕೆಗಳಲ್ಲಿ ಒಂದು ಬಾಲದ ಮೇಲೆ ಮಲಗಿರುತ್ತದೆ, ಉಳಿದೆರಡು ಮಡಚಬೇಕು. ಪೆಟ್ಟಿಗೆಯಲ್ಲಿದ್ದ ರೆಕ್ಕೆಗಳೋ ಒಂದೇ ಪಟ್ಟಿ. ಅವನ್ನು ಬುಡದಲ್ಲಿ ಕತ್ತರಿಸಿದೆ. ಅಷ್ಟು ಸಣ್ಣ ಬಿಜಾಗರಿ ಎಲ್ಲಿ ತರುವುದು? ಕನ್ನಡಕದ ಕಡ್ಡಿಯಲ್ಲಿ ಇರುತ್ತದೆ ಎಂದು ಹೊಳೆಯಿತು. ಒಂದು ಕೆಲಸಕ್ಕೆ ಹೊನ್ನಾಳಿಗೆ ಹೋಗಿದ್ದವನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕನ್ನಡಕದ ಅಂಗಡಿಗೆ ನುಗ್ಗಿ, ಎರಡು ಬಿಜಾಗರಿ ಮಾತ್ರ ಕೊಡಿ ಎಂದೆ. ಅಂಗಡಿಯ ಹೆಣ್ಣುಮಗಳು "ಯಾರ ಕನ್ನಡಕಕ್ಕೆ ರೀ?" ಎಂದು ಕೇಳಿದಳು. ಹೆಲಿಕಾಪ್ಟರಿಗೆ ಎಂದೆ. ಆಕೆ ಒಂದು ಕುರ್ಚಿ ಎಳೆದು, "ಮೊದ್ಲು ಇಲ್ಲಿ ಕೂತ್ಕಂಡು ಆ ಗೋಡೆ ಮೇಲಿನ ಅಕ್ಷರ ಓದ್ರಿ" ಎಂದಳು. ಓದಿದೆ. ನನ್ನ ಎಡಗಣ್ಣಿನ ನಂಬರು ಬದಲಾಗಿದೆಯಂತೆ. ಬಿಜಾಗರಿಯ ಜೊತೆ ಹೊಸ ಕನ್ನಡಕವೂ ಬಂತು, ಅದರಲ್ಲೇ ಈ ಪತ್ರ ಬರೆಯುತ್ತಿದ್ದೇನೆ. ರೆಕ್ಕೆ ಬಿಚ್ಚಿ ನಿಂತಾಗ ಜಾರದಂತೆ ಹಲ್ಲಿಗೆ ಕೊಂಡಿ ಹಾಕುವ ತಂತಿಯಿಂದ ಎರಡು ಪಿನ್ನು ಮಾಡಿದೆ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು.

ಆಮೇಲೆ ನೀರಿಗೆ ಬಿದ್ದರೆ ತೇಲಿಸುವ ಉಬ್ಬುಚೀಲಗಳು. ಅವನ್ನು ಯಾವುದರಿಂದ ಮಾಡುವುದು ಎಂದು ನಾನು ಹೆಚ್ಚು ಯೋಚಿಸಲಿಲ್ಲ. ವಸಡು ಮಾಡುವ ಗುಲಾಬಿ ಪುಡಿ ಕೈಯಳತೆಯಲ್ಲೇ ಇತ್ತು, ಕಲಸಿ ಅಚ್ಚು ಹೊಯ್ದೆ. ಎರಡು ಗುಲಾಬಿ ಬದನೆಕಾಯಿಯಂತೆ ಚೆಂದವಾಗಿ ಬಂದವು. ಅವನ್ನು ಉಜ್ಜುತ್ತಾ ಕುಳಿತಾಗ ಅಡಿಕೆ ವ್ಯಾಪಾರದ ಕೆಂಚೇಶ ಬಂದ. ಅವನ ಕೆಳಗಿನ ಸೆಟ್ ಕೊಡಬೇಕಾಗಿದ್ದ ದಿನ ಕಳೆದು ಮೂರು ದಿನವಾಗಿತ್ತು, ಅದಕ್ಕೆ ಕಾರಣ ಏನೆಂದು ನಿನಗೆ ಗೊತ್ತು. ಅವನು ನನ್ನ ಕೈಯಲ್ಲಿದ್ದದ್ದನ್ನೂ ಮೇಜಿನ ಮೇಲಿನ ಹೆಲಿಕಾಪ್ಟರನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. "ನನ್ನ ವಸಡು ತಗಂಡು ವಿಮಾನಕ್ಕೆ ಹಾಕಿದ್ಯಾ? ಭಾನುವಾರ ಬೀಗರೂಟ ಐತೆ, ನಾನು ಬರೀ ಸಾರು ಕುಡಿದು ಬರ್ಲಾ?" ಎಂದು ಹಲ್ಲಿಲ್ಲದ ಬಾಯಲ್ಲಿ ಕೂಗಿದ. ಹಲ್ಲಿಲ್ಲದವರ ಸಿಟ್ಟು ಅರ್ಥವಾಗುವುದು ಸ್ವಲ್ಪ ತಡ. ಅರ್ಥವಾದ ಮೇಲೆ ಅವನನ್ನು ಕೂರಿಸಿ, ಟೀ ಕೊಟ್ಟು, ವಿಷಯವೆಲ್ಲ ಹೇಳಿದೆ. ಮಗಳು ಹಡಗಿನಲ್ಲಿ ಇಂಥದ್ದನ್ನೇ ನೋಡಿಕೊಳ್ಳುತ್ತಾಳೆ ಎಂದ ತಕ್ಷಣ ಅವನು ಟೀ ಕೆಳಗಿಟ್ಟು, ಎರಡು ಕೈಯಲ್ಲಿ ಹೆಲಿಕಾಪ್ಟರ್ ಎತ್ತಿಕೊಂಡು, ರೆಕ್ಕೆ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಒಂದು ಪಿನ್ನು ಕಳೆದುಹಾಕಿದ. ಅದನ್ನು ಹುಡುಕುತ್ತಾ ನಾವಿಬ್ಬರೂ ಮೇಜಿನ ಕೆಳಗೆ ಮಂಡಿಯೂರಿಕೊಂಡಿದ್ದಾಗ ನಿನ್ನ ಅಮ್ಮ ಬಂದು ನೋಡಿ, ಪೊರಕೆ ತಂದಿಟ್ಟು ಹೋದಳು. ಪಿನ್ನು ಪೊರಕೆಗೇ ಸಿಕ್ಕಿತು. ಶನಿವಾರ ಅವನ ಹಲ್ಲು ಕೊಟ್ಟೆ. ಬೀಗರೂಟದಲ್ಲಿ ಅವನೇ ಕೊನೆಗೆ ಎದ್ದವನಂತೆ.

ಬಣ್ಣ ನ್ಯಾಮತಿಯಿಂದ ಬಂತು. ನಿನ್ನ ಸೋದರಮಾವ ದುರುಗೇಶ ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುತ್ತಾನಲ್ಲ, ಅವನ ಹತ್ತಿರ ಮಿಕ್ಕಿದ್ದ ಬೂದು ಬಣ್ಣ ಒಂದು ಬಾಟಲಿಯಲ್ಲಿ ಕಳಿಸಿದ. ಹಾಗಾಗಿ ನಿನ್ನ ಹೆಲಿಕಾಪ್ಟರ್ ಈಗ ಬ್ಯಾಂಕಿನ ಬೀರುವಿನ ಬಣ್ಣದಲ್ಲಿದೆ, ತಪ್ಪು ತಿಳಿಯಬೇಡ. ನೀರಿನಲ್ಲಿ ಬಿದ್ದವರನ್ನು ಎತ್ತುವ ಹಗ್ಗದ ರಾಟೆಗೆ ನಿನ್ನ ಅಮ್ಮನ ಹೊಲಿಗೆ ಯಂತ್ರದ ಬಾಬಿನ್ ತೆಗೆದುಕೊಂಡೆ. ಕೇಳಿ ತೆಗೆದುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ದಾರದ ತುದಿಗೆ ಮುಳುಗುತ್ತಿರುವ ಮನುಷ್ಯ ಬೇಕಲ್ಲ, ಆ ಅಳತೆಗೆ ಬೇರೇನೂ ಸಿಗದೆ ಒಂದು ಮುಂಭಾಗದ ಹಲ್ಲನ್ನು ಕಟ್ಟಿದೆ.

ಎಲ್ಲ ಮುಗಿಸಿ, ನಿನ್ನ ಅಮ್ಮನನ್ನು ಕರೆದು, ಬಚ್ಚಲು ಮನೆಯ ಬಕೆಟ್ಟಿನಲ್ಲಿ ಇಳಿಸಿದೆ. ಕೈ ಬಿಟ್ಟದ್ದೇ ನೇರವಾಗಿ ತಳ ಸೇರಿತು. ಗುಳ್ಳೆ ಕೂಡ ಬರಲಿಲ್ಲ. "ನೀರಿನ ಹೆಲಿಕಾಪ್ಟರು ನೀರಾಗೆ ಮುಳುಗ್ತಲ್ರೀ" ಎಂದು ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ವಸಡು ನೀರಿನಲ್ಲಿ ತೇಲುವುದಿಲ್ಲ ಎನ್ನುವುದು ಮೂವತ್ತೊಂದು ವರ್ಷ ದಿನಾ ಸೆಟ್ ಹಲ್ಲನ್ನು ಲೋಟದಲ್ಲಿ ಮುಳುಗಿಸಿಟ್ಟವನಿಗೆ ಗೊತ್ತಿರಬೇಕಿತ್ತು. ಆಮೇಲೆ ಒಳಗೆ ಟೊಳ್ಳು ಬಿಟ್ಟು ಎರಡನೇ ಸಲ ಮಾಡಿದೆ. ಈ ಸಲ ಬಾತುಕೋಳಿಯ ಹಾಗೆ ಕುಳಿತುಕೊಂಡಿತು.

ಆದರೆ ನಿಮ್ಮಜ್ಜಿ ಬಕೆಟ್ಟಿಗೆ ಒಪ್ಪಲಿಲ್ಲ. "ಬಕೀಟಿನಾಗೆ ಯಾರು ಮುಳುಗ್ತಾರೆ? ನೀರಿರೋ ಕಡೆ ತೋರ್ಸು" ಎಂದಳು. ನಿನ್ನೆ ಮೂವರೂ ಬಸ್ಸು ಹತ್ತಿ ಸೂಳೆಕೆರೆಗೆ ಹೋದೆವು. ನಿನ್ನ ಅಮ್ಮ ಚಿತ್ರಾನ್ನ ಕಟ್ಟಿಕೊಂಡಳು, ನಿಮ್ಮಜ್ಜಿ ಬೇರೆ ಬಟ್ಟೆಯಲ್ಲಿ ತನ್ನ ರೊಟ್ಟಿ ಕಟ್ಟಿಕೊಂಡಳು. ಕೆರೆ ತುಂಬಿತ್ತು, ಆಚೆ ದಡ ಕಣ್ಣಿಗೆ ಹತ್ತುತ್ತಿರಲಿಲ್ಲ. ಅವಳು ಏರಿಯ ಮೇಲೆ ನಿಂತು ಬಹಳ ಹೊತ್ತು ನೋಡಿದಳು. "ಸಮುದ್ರ ಇದಕ್ಕಿಂತ ದೊಡ್ಡದಾ?" ಎಂದು ಕೇಳಿದಳು. ಸ್ವಲ್ಪ ದೊಡ್ಡದು ಎಂದೆ.

ಹಿಟ್ಟು ನಾದುವ ಪರಾತವನ್ನು ಹಡಗು ಮಾಡಿ ದಡದ ನೀರಿನಲ್ಲಿ ತೇಲಿಸಿ, ಅದರ ಮೇಲೆ ಹೆಲಿಕಾಪ್ಟರ್ ಇಟ್ಟು, ರಾಟೆ ತಿರುಗಿಸಿ ಹಲ್ಲನ್ನು ನೀರಿನಿಂದ ಎತ್ತಿ ತೋರಿಸಿದೆ. "ಪಾಪ, ಯಾರದ್ದೋ" ಎಂದಳು. ರೆಕ್ಕೆ ಮಡಚಿದೆ, ಬಿಚ್ಚಿದೆ. ಅವಳ ಹುಬ್ಬು ಗಂಟಾಯಿತು. "ಮೇಲೆ ಹೋದಾಗ ಹಂಗೇ ಮಡಚ್ಕಂಡ್ರೆ?" ಮಡಚಿಕೊಳ್ಳುವುದಿಲ್ಲವ್ವಾ, ಪಿನ್ನು ಹಾಕಿರುತ್ತಾರೆ ಎಂದೆ. "ಹಾಕೋರು ಮರೆತ್ರೆ?" ಮರೆಯುವುದಿಲ್ಲ. "ನಿಂಗೆ ಹೆಂಗೆ ಗೊತ್ತು? ಯಾರು ಅದನ್ನ ಹಾಕೋರು?" ನಿನ್ನ ಮೊಮ್ಮಗಳು ಎಂದೆ. ಒಳಗೆ ಕೂತವರ ಜೀವ ಆ ಪಿನ್ನಿನ ಮೇಲೆ, ಪಿನ್ನು ಅವಳ ಕೈಯಲ್ಲಿ ಎಂದೆ. ನಿಮ್ಮಜ್ಜಿ ಬಗ್ಗಿ ಮುಖವನ್ನು ಪಿನ್ನಿನ ಹತ್ತಿರಕ್ಕೆ ತಂದಳು. ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ, ನನ್ನ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ನಾನು ಅವಳ ಮುಖ ನೋಡುತ್ತಾ ನಿಂತದ್ದೇ ತಪ್ಪಾಯಿತು. ಗಾಳಿ ಬೀಸಿ ಪರಾತ ವಾಲಿತು, ಹೆಲಿಕಾಪ್ಟರ್ ಜಾರಿ ನೀರಿಗೆ ಇಳಿಯಿತು. ಮುಳುಗಲಿಲ್ಲ, ನನ್ನ ಟೊಳ್ಳು ವಸಡು ಕೈಬಿಡಲಿಲ್ಲ. ಆದರೆ ನಿಲ್ಲಲೂ ಇಲ್ಲ, ಕೆರೆಯ ನಡುವಿಗೆ ಹೊರಟೇಬಿಟ್ಟಿತು. ನನಗೆ ಈಜು ಬಾರದು. ಮೂಕಮ್ಮ ಎನ್ನುವ ಮೀನಿನ ಹೆಂಗಸು ಹರಿಗೋಲು ದಡಕ್ಕೆ ತರುತ್ತಿದ್ದಳು, ಅವಳನ್ನು ಕೂಗಿದೆ. "ಬಲೆ ತುಂಬೈತೆ, ಒಬ್ರು ಹಗುರ ಇರೋರು ಬರ್ರಿ, ನಿಮ್ಮ ಸಾಮಾನು ಹೆಂಗಿರ್ತದೆ ಅಂತ ನಂಗೇನು ಗೊತ್ತು, ನೀವೇ ತೋರ್ಸ್ರಿ" ಎಂದಳು. ನಾನು ಎಂಬತ್ತನಾಲ್ಕು ಕಿಲೋ. ನಿನ್ನ ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ನಿಮ್ಮಜ್ಜಿ ಸೀರೆ ಮೇಲೆ ಕಟ್ಟಿ, ಹರಿಗೋಲಿನ ಅಂಚು ಹಿಡಿದು, ಒಳಗೆ ಕುಳಿತೇಬಿಟ್ಟಿದ್ದಳು. ಅವ್ವಾ ಬ್ಯಾಡ, ಇಳಿ ಎಂದು ಕೂಗುತ್ತಾ ಮೊಣಕಾಲು ನೀರಿನವರೆಗೆ ಓಡಿದೆ. ಹೋಗಿಯೇಬಿಟ್ಟಳು. ಹೆಲಿಕಾಪ್ಟರ್ ಹತ್ತಿರ ಹೋದದ್ದು, ಬಗ್ಗಿ ಎತ್ತಿಕೊಂಡದ್ದು ಕಾಣಿಸಿತು. ಇನ್ನು ತಿರುಗುತ್ತಾರೆ ಎಂದುಕೊಂಡರೆ ಹರಿಗೋಲು ಇನ್ನೂ ಆಚೆಗೆ ಹೋಯಿತು! ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು. ಅರ್ಧ ಗಂಟೆಯ ಮೇಲೆ ಬಂದರು. ಇನ್ನೊಂದು ಸುತ್ತು ಹೋಗೋಣ ಎಂದು ಅಜ್ಜಿಯೇ ಹೇಳಿದಳಂತೆ.

ಇಳಿದವಳು ಒದ್ದೆ ಹೆಲಿಕಾಪ್ಟರನ್ನು ಮಡಿಲಲ್ಲಿಟ್ಟುಕೊಂಡು, ರೆಕ್ಕೆಯ ಪಿನ್ನುಗಳನ್ನು ಉಗುರಿನಿಂದ ಒತ್ತಿ ನೋಡುತ್ತಾ ಹೇಳಿದಳು: "ನೀರ್ ಮೇಲೆ ಇದ್ದೋಳು ನಾನು, ದಡದಾಗೆ ನಿಂತ್ಕಂಡು ಬಡ್ಕೊಂಡೋನು ನೀನು. ನಿನ್ನ ಕೂಗು ಕೇಳಿ ನಗು ತಡೆಯಾಕೆ ಆಗ್ಲಿಲ್ಲ ಕಣೋ." ಹಾಗೆಂದವಳು ಕೈ ಚಾಚಿ ನಿನ್ನ ಅಮ್ಮನ ಚಿತ್ರಾನ್ನದ ಡಬ್ಬಿ ತೆಗೆದುಕೊಂಡಳು. ಮೊಮ್ಮಗಳು ಇನ್ನೂ ನೆಲಕ್ಕೆ ಬಂದಿಲ್ಲವಲ್ಲವ್ವಾ ಎಂದು ನಾನು ಬಾಯಿ ತಪ್ಪಿ ಅಂದೆ. "ನಾನು ಹೋಗಿ ನೋಡ್ಕಂಡು ಬಂದ್ನಲ್ಲ, ಸಾಕು ಬಿಡು" ಎಂದು ಬಾಯಿ ತುಂಬ ತಿಂದಳು. ಉಪ್ಪು ಸ್ವಲ್ಪ ಕಡಿಮೆ ಎಂದಳು. ನಿನ್ನ ಅಮ್ಮ ಮೂರು ವರ್ಷದಿಂದ ಆ ಮಾತಿಗೆ ಕಾಯುತ್ತಿದ್ದವಳ ಹಾಗೆ ತಲೆ ತಗ್ಗಿಸಿ ಕಣ್ಣು ಒರೆಸಿಕೊಂಡಳು.

ಮೇಲಿನ ಅಧಿಕಾರಿಗಳಿಗೆ, ನಿನ್ನ ಜೊತೆಯ ಹುಡುಗಿಯರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಅಜ್ಜಿ, ಅಮ್ಮ ಇಬ್ಬರೂ ನಿನ್ನ ತಲೆ ಸವರಿದ್ದಾರೆ ಎಂದು ತಿಳಿದುಕೋ.

ಇಂತಿ ನಿನ್ನ ಅಪ್ಪಾಜಿ,
ಚಿಕ್ಕಹನುಮಂತಪ್ಪ

ತಾ.ಕ.: ಅಂಚೆ ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕರಾರಿನ ನಾಲ್ಕು ವರ್ಷ ಮುಗಿದ ಮೇಲೂ ನೇವಿಯಲ್ಲೇ ಉಳಿಯಲು ಅರ್ಜಿ ಹಾಕಲಾ ಎಂದು ನೀನು ಯುಗಾದಿಯಲ್ಲೇ ಕೇಳಿದ್ದೆ. ಮೂರು ಪತ್ರಗಳಲ್ಲಿ ಊರ ಸುದ್ದಿಯೆಲ್ಲ ಬರೆದು ಅದೊಂದಕ್ಕೆ ಉತ್ತರ ಬರೆಯಲಿಲ್ಲ. ಅಜ್ಜಿ ಒಪ್ಪುವುದಿಲ್ಲ ಎಂದು ನಿನ್ನ ಅಮ್ಮನ ಹತ್ತಿರ ಹೇಳಿಕೊಂಡು ತಿರುಗಿದೆ. ಅಜ್ಜಿಯದು ನೆಪ. ಹೆದರಿಕೊಂಡಿದ್ದವನು ನಾನು. ಅರ್ಜಿ ಹಾಕು ಮಗಳೇ. ತಂದೆಯ ಸಹಿ ಬೇಕಿದ್ದರೆ ಕಾಗದ ಕಳಿಸು, ಹಾಕಿಕೊಡುತ್ತೇನೆ.